ಹಿಮಯುಗದ ಕರ್ಣಾಟಕ: ಪರಾಗಸಾಕ್ಷ್ಯದಿಂದ ಸಸ್ಯಾವರಣ ಮತ್ತು ವಾಯುಗುಣದ ಪುನರ್ನಿರ್ಮಾಣ

ಯೂರೋಪು ಮತ್ತು ಅಮೆರಿಕಗಳ ಉತ್ತರಭಾಗವನ್ನು ಹಿಮರಾಶಿಯು ಮುಚ್ಚಿಕೊಂಡಿದ್ದ ಕಾಲದಲ್ಲಿ, ಅಂದರೆ ಇಂದಿಗೆ ಸುಮಾರು 20,000 ವರ್ಷಗಳ ಹಿಂದೆ, ಹಿಮದ ಸೋಂಕೇ ಇಲ್ಲದ ಉಷ್ಣವಲಯದ ನಾಡುಗಳಲ್ಲಿ ಎಂತಹ ಕಾಡು ಬೆಳೆದಿತ್ತು, ಮುಂಗಾರು ಎಷ್ಟರಮಟ್ಟಿಗೆ ಸುರಿಯುತ್ತಿತ್ತು ಎಂಬುದನ್ನು ಕೆಸರಿನ ಪದರಗಳಲ್ಲಿ ಹುದುಗಿರುವ ಪರಾಗಕಣಗಳ ಗಣನೆಯಿಂದ ನಿರ್ಣಯಿಸುವ ಪ್ರಯತ್ನವು ಪರಾಗವಿಜ್ಞಾನದ ಕಠಿನತರವಾದ ಶಾಖೆಗಳಲ್ಲೊಂದು. ಪರಾಗದ ಹೊರಗವಚವು ಆಮ್ಲಗಳಿಗೂ ಜಗ್ಗದಷ್ಟು ದೃಢವಾದುದರಿಂದ, ಗಾಳಿಯಾಡದ ಜೌಗಿನಲ್ಲಿ ಅದು ಸಹಸ್ರಾರು ವರ್ಷ ಅಳಿಯದೆ ಉಳಿಯುತ್ತದೆ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಕ್ರಿಸ್ಟಿಯಾನಿಯಾ ನಗರದಲ್ಲಿ ಮಾಡಿದ ಉಪನ್ಯಾಸದಿಂದ, ಪ್ರತಿ ಪದರದ ಪರಾಗವನ್ನು ಶೇಕಡಾವಾರು ಎಣಿಸಿ ಕಾಡಿನ ಇತಿಹಾಸವನ್ನು ಓದುವ ಕ್ರಮವು ರೂಢಿಗೆ ಬಂದಿತು.

ಆದರೆ ಸ್ವೀಡನ್ನಿನ ಕ್ರಮವನ್ನು ಸಹ್ಯಾದ್ರಿಗೆ ಯಥಾವತ್ತಾಗಿ ಅನ್ವಯಿಸುವಂತಿರಲಿಲ್ಲ. ಅಲ್ಲಿಯ ಕಾಡಿನಲ್ಲಿ ಗಾಳಿಗೆ ಪರಾಗವನ್ನು ಧಾರಾಳವಾಗಿ ತೂರುವ ಕೆಲವೇ ಜಾತಿಯ ಮರಗಳು. ಇಲ್ಲಿ ನೂರಾರು ಜಾತಿಗಳು, ಅವುಗಳಲ್ಲಿ ಬಹುಪಾಲು ಜೇನು, ದುಂಬಿಗಳನ್ನೇ ನೆಚ್ಚಿದವು, ಪರಾಗವನ್ನು ಲೋಭಿಗಳಂತೆ ಕೂಡಿಟ್ಟುಕೊಳ್ಳುವವು. ಆದ್ದರಿಂದ ಮೊದಲು ಈಗಿನ ಗಿಡಮರಗಳ ಪರಾಗವನ್ನು ಗುರುತಿಸುವ ಕೋಶವೊಂದು ಸಿದ್ಧವಾಗಬೇಕಾಯಿತು. ಲಖನೌದಲ್ಲಿ 1946ರಲ್ಲಿ ಬೀರಬಲ್ ಸಾಹ್ನಿಯವರು ಸ್ಥಾಪಿಸಿದ ಸಂಸ್ಥೆಯೂ, 1955ರಲ್ಲಿ ಪುದುಚೇರಿಯಲ್ಲಿ ಆರಂಭವಾದ ಫ್ರೆಂಚ್ ಸಂಸ್ಥೆಯ ಪರಾಗ ಪ್ರಯೋಗಾಲಯವೂ ಈ ಕಾರ್ಯವನ್ನು ವಹಿಸಿಕೊಂಡವು. ಪುದುಚೇರಿಯ ಜಿ. ತಣಿಕೈಮಣಿಯವರು, 1986ರಲ್ಲಿ ಕರಾಚಿಯ ವಿಮಾನಾಪಹರಣದಲ್ಲಿ ಅಕಾಲಮೃತ್ಯುವಿಗೆ ತುತ್ತಾಗುವವರೆಗೂ, ಉಷ್ಣವಲಯದ ಪರಾಗಗಳ ವರ್ಣನೆಯಲ್ಲಿ ತೊಡಗಿದ್ದರು. ಈ ಕ್ಷೇತ್ರದ ನಂತರದ ಬರೆಹಗಳೆಲ್ಲ ಇಂತಹ ನೀರಸ ಪರಿಶ್ರಮಕ್ಕೆ ಋಣಿ.

ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ನೋಡಿದರೆ ಈ ಶಾಸ್ತ್ರದ ಸಮಸ್ಯೆಯೇ ನೆಲದ ಮೇಲೆ ಹಾಸಿಕೊಂಡಂತಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರನ್ನು ಮೀರುವ ಮಳೆಯು ಮಲೆನಾಡಿನ ಸೆರಗು ದಾಟಿ ಹೊನ್ನಾಳಿ, ನ್ಯಾಮತಿಗಳನ್ನು ಸೇರುವಷ್ಟರಲ್ಲಿ ಬಹಳವಾಗಿ ಕುಗ್ಗುತ್ತದೆ. ಜಗಳೂರಿನ ಕುರುಚಲು ಕಾಡಿನಲ್ಲಿ ಜಾಲಿ, ಕಾರೆಗಳೇ ಆಳುತ್ತವೆ. ಮುಂಗಾರು ಕುಂದಿದ ಕಾಲದಲ್ಲಿ ಮುಳ್ಳುಕಾಡು ಪಶ್ಚಿಮಕ್ಕೆ ಸರಿಯಿತೆ, ಸರಿದಿದ್ದರೆ ಎಲ್ಲಿಯವರೆಗೆ ಎಂಬುದೇ ಪ್ರಶ್ನೆ. ಉತ್ತರವನ್ನು ಇಲ್ಲಿಯ ಮಣ್ಣಿನಿಂದ ಪಡೆಯುವುದು ದುಸ್ಸಾಧ್ಯ: ವರ್ಷದ ಬಹುಕಾಲ ಒಣಗಿ, ಬಿರಿದು, ಗಾಳಿಗೆ ತೆರೆದುಕೊಳ್ಳುವ ಕೆಂಪು ಮತ್ತು ಕಪ್ಪು ಭೂಮಿಗಳಲ್ಲಿ ಪರಾಗ ಕೊಳೆತುಹೋಗುತ್ತದೆ. ಚನ್ನಗಿರಿಯ ಸೂಳೆಕೆರೆಯ ತಳದಲ್ಲಿ ಹೂಳು ಹೇರಳವಾಗಿದ್ದರೂ, ಮಧ್ಯಯುಗದಲ್ಲಿ ಮಾನವರು ಕಟ್ಟಿದ ಆ ಕೆರೆಯು ಹಿಮಯುಗಕ್ಕೆ ಸಾಕ್ಷಿಯಾಗಲಾರದು. ಬೇಸಾಯದ ಚರಿತ್ರೆಗೆ ಮಾತ್ರ ಆದೀತು.

ಆದಕಾರಣ ಸಾಕ್ಷ್ಯವನ್ನು ದೂರದಲ್ಲಿ ಅರಸಬೇಕಾಯಿತು. ಎಲೀಸ್ ವಾನ್ ಕಾಂಪೋ ಎಂಬ ವಿದುಷಿಯು ನೈಋತ್ಯ ಭಾರತದ ಕರಾವಳಿಯಾಚೆಯ ಸಮುದ್ರತಳದಿಂದ ತೆಗೆದ ಎರಡು ಕೆಸರುಗಂಬಗಳನ್ನು ಪರೀಕ್ಷಿಸಿ, ಪರಾಗದೊಡನೆ ಆಮ್ಲಜನಕದ ಸಮಸ್ಥಾನಿಗಳನ್ನೂ ಅಳೆದು, 1986ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹಿಮಯುಗದ ಪರಾಕಾಷ್ಠೆಯಲ್ಲಿ ನೈಋತ್ಯ ಮಾರುತವು ದುರ್ಬಲವಾಗಿ ಶುಷ್ಕತೆ ಹೆಚ್ಚಿತ್ತು. ರೇಡಿಯೋಕಾರ್ಬನ್ ಗಣನೆಯ ಸುಮಾರು 11,000 ವರ್ಷಗಳ ಹಿಂದೆ ಮಳೆ ಪ್ರಬಲವಾಗಿ, ಕಾಂಡ್ಲಾವನಗಳ ಪರಾಗ ಉಚ್ಚಸ್ಥಿತಿಯನ್ನು ಮುಟ್ಟಿತು. ಕಾರವಾರದ ಕಡಲಿನಿಂದ ಪಡೆದ ಕೆಸರನ್ನು ಕುರಿತು ಕಾರಾತಿನಿ ಮತ್ತು ಸಂಗಡಿಗರು 1994ರಲ್ಲಿ ಬರೆದುದು ಹಿಮಯುಗಾನಂತರದ ಕತೆ: ಸುಮಾರು 3,500 ವರ್ಷಗಳಿಂದೀಚೆಗೆ ತೇವವು ತಗ್ಗಿತೆಂದು ಅವರ ನಿರ್ಣಯ. ಇಲ್ಲೊಂದು ಎಚ್ಚರಿಕೆ ಅವಶ್ಯ. ಹಿಮಯುಗದಲ್ಲಿ ಸಮುದ್ರಮಟ್ಟವು ಸುಮಾರು 120 ಮೀಟರು ಕೆಳಗಿದ್ದು ತೀರರೇಖೆಯು ಬಹುದೂರ ಪಶ್ಚಿಮಕ್ಕೆ ಸರಿದಿದ್ದುದರಿಂದ, ಕಾಂಡ್ಲಾ ಪರಾಗದ ಏರಿಳಿತವು ಮಳೆಯದೊಂದೇ ಅಲ್ಲ, ಕಡಲಿನ ಏರಿಕೆಯದೂ ಹೌದು; ಎರಡನ್ನೂ ಬೇರ್ಪಡಿಸದೆ ಮಾಡುವ ವ್ಯಾಖ್ಯಾನಗಳನ್ನು ಸಂಶಯದಿಂದಲೇ ಕಾಣತಕ್ಕದ್ದು.

ನೆಲದ ಮೇಲಿನ ದೀರ್ಘ ದಾಖಲೆ ದೊರೆತುದು ನೀಲಗಿರಿಯ ಪೀಟ್ ಜೌಗುಗಳಲ್ಲಿ. ಅಲ್ಲಿ ಶೋಲಾಕಾಡಿನ ಸುತ್ತಲಿನ ಹುಲ್ಲುಗಾವಲು ಮಾನವನ ಬೆಂಕಿಯಿಂದ ಹುಟ್ಟಿತೆ, ಪ್ರಕೃತಿಸಿದ್ಧವೆ ಎಂಬ ವಾದ ಬಹುಕಾಲ ನಡೆದಿತ್ತು. ವಿಷ್ಣು-ಮಿತ್ರೆ ಮೊದಲಾದವರ ಪರಾಗಾಧ್ಯಯನಗಳು ಹುಲ್ಲಿನ ಪ್ರಾಚೀನತೆಯನ್ನು ತೋರಿ ವಾದದ ಗತಿಯನ್ನು ತಿರುಗಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪೀಟ್‌ನ ಇಂಗಾಲದ ಸಮಸ್ಥಾನಿಗಳನ್ನು ಅಳೆದು, 20,000 ವರ್ಷಗಳಿಂದೀಚಿನ ಶುಷ್ಕ, ಆರ್ದ್ರ ಘಟ್ಟಗಳನ್ನು ವಿಂಗಡಿಸಿದರು. ಸೂಕ್ಷ್ಮದರ್ಶಕದಲ್ಲಿ ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಮೆ ಒಂದೇ ತೆರ ಕಾಣುವುದರಿಂದ, ಉಷ್ಣಪ್ರಿಯ ಹುಲ್ಲು ಯಾವುದು, ಶೀತಪ್ರಿಯ ಹುಲ್ಲು ಯಾವುದು ಎಂದು ಪರಾಗ ಹೇಳಲಾರದ ಸಂಗತಿಯನ್ನು ಈ ಮಾಪನವು ಹೇಳುತ್ತದೆ. ಆದರೂ ಹಿಮಯುಗದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ದಶಲಕ್ಷಕ್ಕೆ ಸುಮಾರು 190 ಭಾಗಕ್ಕೆ ಇಳಿದಿತ್ತು. ಅಂತಹ ಗಾಳಿಯು ಮಳೆ ಕುಂದದಿದ್ದರೂ ಉಷ್ಣಪ್ರಿಯ ಹುಲ್ಲಿಗೆ ಅನುಕೂಲವಾಗಬಲ್ಲದು. ಹುಲ್ಲು ಹೆಚ್ಚಿತೆಂದ ಮಾತ್ರಕ್ಕೆ ಬರಗಾಲವಿತ್ತೆಂದು ತೀರ್ಮಾನಿಸುವುದು ಆತುರವೆನಿಸುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅರಬ್ಬೀ ಸಮುದ್ರದ ಕೆಸರು ಪರೋಕ್ಷ ಸಾಕ್ಷಿಯೇ ಸರಿ. ಇಲ್ಲಿಯ ನೀರು ಹರಿದ್ರಾ ಮೊದಲಾದ ಹಳ್ಳಹೊಳೆಗಳಿಂದ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಪೂರ್ವದ ಕಡಲನ್ನು ಮುಟ್ಟುತ್ತದೆ. ನೀರು ಕೊಂಡೊಯ್ದ ಪರಾಗವೂ ಅತ್ತಲೇ ಸಾಗಿದೆ. ಬಂಗಾಳಕೊಲ್ಲಿಯ ಕೆಸರಿನ ಪರಾಗವನ್ನು ಮಹಾನದಿಯ ಮುಖದ ದಿಕ್ಕಿನಲ್ಲಿ ಈಗಾಗಲೇ ಓದಲಾಗಿದ್ದು, ಜಗಳೂರಿನ ಮುಳ್ಳುಕಾಡಿನ ಹಿಮಯುಗವನ್ನು ಅರಸುವವನು ಕೃಷ್ಣೆಯ ಮುಖದಾಚೆಯ ಕಡಲತಳಕ್ಕೆ ಹೋಗತಕ್ಕದ್ದು.