ನಾಲ್ಕು ಪಟ್ಟಣಗಳ ಮೋಡೆಮ್ ಮತ್ತು ದೂರವಾಣಿ ತಂತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿದ್ದವು. ಅಲ್ಲಿನ ಮೋಡೆಮ್‌ನ ಚರಿತ್ರೆಯನ್ನು ತಿಳಿಯಬೇಕಾದರೆ ಕಂಪ್ಯೂಟರಿಗಿಂತ ಮೊದಲು ದೂರವಾಣಿ ಬಿಲ್ಲಿನ ಲೆಕ್ಕವನ್ನು ನೋಡಬೇಕಾಗುತ್ತದೆ.

ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ತಂತಿ ಸಾಗಿಸಬಲ್ಲ ನಾದವನ್ನಾಗಿ ಮಾರ್ಪಡಿಸಿ, ಇನ್ನೊಂದು ತುದಿಯಲ್ಲಿ ಆ ನಾದವನ್ನು ಮರಳಿ ಅಂಕಿಗಳಾಗಿಸುವ ಉಪಕರಣವೇ ಮೋಡೆಮ್. ಆರಂಭದ ಮೋಡೆಮ್‌ಗಳು ಇದಕ್ಕೆ ಆವರ್ತನವನ್ನು, ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು, ಬದಲಿಸುವ ಕ್ರಮವನ್ನು ಅನುಸರಿಸಿದವು. ಈ ಕ್ರಮ ಗೌರಿಬಿದನೂರಿನ ನೆಲಕ್ಕೆ ಹೊಸದಾಗಿರಲಿಲ್ಲ: ಇಂದು ಭಾಭಾ ಅಣು ಸಂಶೋಧನಾ ಕೇಂದ್ರದ ಅಧೀನದಲ್ಲಿರುವ ಅಲ್ಲಿನ ಭೂಕಂಪ ವೀಕ್ಷಣಾ ಜಾಲವು 1960ರ ದಶಕದಲ್ಲೇ, ಎಲ್ ಆಕಾರದಲ್ಲಿ ಹರಡಿದ 20 ಮಾಪಕಗಳ ಸಂಕೇತಗಳನ್ನು ಆವರ್ತನ ಬದಲಿಸುವ ಕ್ರಮದಲ್ಲೇ ನಿಸ್ತಂತುವಾಗಿ ಒಂದೆಡೆಗೆ ತರಿಸಿಕೊಳ್ಳುವಂತೆ ರೂಪುಗೊಂಡಿತ್ತು.

1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಬಂದ ಮೇಲೆ, 'ಎಟಿ' ಎಂಬ ಎರಡಕ್ಷರಗಳಿಂದ ಆರಂಭವಾಗುವ ಆಜ್ಞೆಗಳನ್ನು ಕೀಲಿಮಣೆಯಿಂದಲೇ ಕೊಟ್ಟು ಕರೆ ಮಾಡುವ ಪದ್ಧತಿ ಎಲ್ಲೆಡೆ ನೆಲೆಯೂರಿತು. ಸೆಕೆಂಡಿಗೆ 300 ಬಿಟ್ ವೇಗದ ಆ ಉಪಕರಣವು, ಅಕ್ಷರವೊಂದಕ್ಕೆ ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ 10 ಬಿಟ್ ಬೇಕಾಗುತ್ತಿದ್ದುದರಿಂದ, ಸೆಕೆಂಡಿಗೆ ಕೇವಲ 30 ಅಕ್ಷರಗಳನ್ನು ಸಾಗಿಸುತ್ತಿತ್ತು. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಕೇಬಲ್ ಜೋಡಿಸಿ, ಎರಡೂ ತುದಿಗಳ ವೇಗ ಮತ್ತು ಬಿಟ್‌ಗಳ ಕ್ರಮ ಹೊಂದುವಂತೆ ಮಾಡಿದರೂ ಕೆಲಸ ಮುಗಿಯುತ್ತಿರಲಿಲ್ಲ. ವಿದ್ಯುತ್ತನ್ನು ಕಡಿಕಡಿದು ಅಂಕಿಯನ್ನು ಸೂಚಿಸುವ ಪಲ್ಸ್ ಕರೆಯನ್ನು ಮಾತ್ರ ಅರಿಯುವ ಹಳೆಯ ಎಕ್ಸ್‌ಚೇಂಜಿಗೆ 'ಎಟಿಡಿಪಿ' ಎಂದೂ, ಎರಡು ನಾದಗಳನ್ನು ಕೂಡಿಸುವ ಟೋನ್ ಕರೆಯನ್ನು ಗ್ರಹಿಸುವ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ 'ಎಟಿಡಿಟಿ' ಎಂದೂ ಬರೆಯಬೇಕಿತ್ತು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ ಮೊದಲ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಆರಂಭವಾದದ್ದು ಈ ಕಾರಣಕ್ಕೆ ಮೋಡೆಮ್ ಚರಿತ್ರೆಗೂ ಮುಖ್ಯ ಘಟನೆ.

ಆಗ ಸರ್ಕಾರಿ ದೂರಸಂಪರ್ಕ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರ್ಜಾಲ ಸೇವೆಯನ್ನು ಮಹಾನಗರಗಳಲ್ಲಿ ತೆರೆಯಿತು. ಬೆಂಗಳೂರಿಗೂ ಅದು ಬೇಗನೆ ಬಂದಿತು. ಆದರೆ ಚಿಕ್ಕಬಳ್ಳಾಪುರ 08156, ಗೌರಿಬಿದನೂರು 08155, ಚಿಂತಾಮಣಿ 08154, ಶಿಡ್ಲಘಟ್ಟ 08158 ಎಂದು ಪ್ರತ್ಯೇಕ ಸಂಕೇತ ಹೊಂದಿದ್ದ ಈ ಪಟ್ಟಣಗಳಿಂದ ಬೆಂಗಳೂರಿನ ಕೇಂದ್ರಕ್ಕೆ ಮೋಡೆಮ್ ಮಾಡುವ ಕರೆ ಸ್ಥಳೀಯ ಕರೆಗಿಂತ ದುಬಾರಿಯಾದ ಎಸ್‌ಟಿಡಿ (ದೂರದೂರಿನ) ಕರೆಯಾಗುತ್ತಿತ್ತು. ರಾಜಧಾನಿಗೆ ಇಷ್ಟು ಹತ್ತಿರವಿದ್ದ ಊರುಗಳನ್ನು ಅಂತರ್ಜಾಲದಿಂದ ದೂರವಿರಿಸಿದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಈ ದರವೇ ಎನ್ನಬೇಕು. ರೇಷ್ಮೆಗೂಡಿನ ವಹಿವಾಟಿನ ಊರಾದ ಶಿಡ್ಲಘಟ್ಟದಲ್ಲಿ ಇನ್ನೊಂದು ತೊಡಕೂ ಇತ್ತು. ಮೋಡೆಮ್ ಲೈನನ್ನು ಹಿಡಿದಿರುವಷ್ಟು ಹೊತ್ತು ಧಾರಣೆ ವಿಚಾರಿಸುವ ಕರೆಗೆ ಅದೇ ಲೈನಿನಲ್ಲಿ ದಾರಿಯಿರಲಿಲ್ಲ.

2000ರ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕಾರ್ಯಾರಂಭ ಮಾಡಿದ ನಂತರದ ವರ್ಷಗಳಲ್ಲಿ ಅದರ ಸಂಚಾರ್‌ನೆಟ್ ಅಂತರ್ಜಾಲ ಸೇವೆಯ 172222 ಸಂಖ್ಯೆಯು ಸ್ಥಳೀಯ ಕರೆಯ ದರದಲ್ಲಿ ದೊರೆತದ್ದರಿಂದ ಮೊದಲ ತೊಡಕು ನೀಗಿತು. 2005ರಿಂದ ಹರಡತೊಡಗಿದ ಬ್ರಾಡ್‌ಬ್ಯಾಂಡ್, ಅದೇ ತಾಮ್ರದ ತಂತಿಯಲ್ಲಿ ಮಾತಿನ ಆವರ್ತನಗಳಿಗಿಂತ ಮೇಲಿನ ಪಟ್ಟಿಯನ್ನು ಮಾಹಿತಿಗೆ ಬಳಸಿ ಎರಡನೆಯದನ್ನೂ ನೀಗಿಸಿತು.