ಧಾತು ಸಂವತ್ಸರದ ಶ್ರಾವಣ

ಅಮ್ಮ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಅಜ್ಜಿ, "ಧಾತು ಸಂವತ್ಸರ, ಶ್ರಾವಣ. ಪಂಚಮಿ ಕಳೆದಿತ್ತು ಕಣೇ" ಎನ್ನುತ್ತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತು. ತಾರೀಖು ಬೇಕಾದದ್ದು ಶಾಲೆಯ ಮೇಷ್ಟ್ರಿಗೆ. ಅವರು 1-6-1935 ಎಂದು ಬರೆದುಕೊಂಡರು. ನಮ್ಮಲ್ಲಿ ಜೂನ್ ಒಂದರಂದು ಹುಟ್ಟಿದವರು ಅಷ್ಟೊಂದು ಜನ ಇರುವುದರ ಗುಟ್ಟು ಇದೇ.

ಅಜ್ಜಿಯ ಲೆಕ್ಕದಲ್ಲೂ ತೊಡಕಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಧಾತು 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲೂ ಬಂತು. ಹಳಬರು ಧಾತು ಈಶ್ವರದ ಬರ ಎಂದು ನಡುಗುತ್ತ ನೆನೆಯುತ್ತಿದ್ದುದು 1876-78ರ ಮಹಾಕ್ಷಾಮವನ್ನು. ಹೆಸರೊಂದೇ ಇದ್ದರೆ ಯಾವ ಧಾತು ಎಂದು ತಿಳಿಯುವುದು ಹೇಗೆ? ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಶಕವರ್ಷ 465 ಎಂದು ಕೆತ್ತಿಸಿದ್ದರಿಂದಲೇ ಅದು ಕ್ರಿ.ಶ. 543ರದು ಎಂದು ನಮಗೆ ಗೊತ್ತಾಗಿದೆ.

ಅಮ್ಮ ಹೋದ ಮೇಲೆ ಅವಳ ಟ್ರಂಕಿನ ಕಾಗದಗಳನ್ನೆಲ್ಲ ಅಕ್ಕನ ಮಗ ಕಂಪ್ಯೂಟರಿಗೆ ಸೇರಿಸಿ, ಹುಡುಕಲು ಒಂದು ಪ್ರೋಗ್ರಾಂ ಬರೆದ. ನಾನು 1936 ಎಂದು ಟೈಪು ಮಾಡಿದೆ. ಏನೂ ಸಿಗಲಿಲ್ಲ.

"ಚಿಕ್ಕಮ್ಮ, ನೀವು ದಿನ, ತಿಂಗಳು ಹೇಳಲಿಲ್ಲ. ಅದು ಇವತ್ತಿನ ದಿನ, ಇವತ್ತಿನ ತಿಂಗಳು ಹಾಕಿಕೊಂಡು ಅದೊಂದೇ ದಿನವನ್ನು ಹುಡುಕಿದೆ" ಎಂದ.

ನನಗೆ ಮೇಷ್ಟ್ರ ನೆನಪಾಯಿತು. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಲು ಇದಕ್ಕೂ ಬರುವುದಿಲ್ಲವಲ್ಲ!

ಅವನು ತಿದ್ದಿದ. ಬರೀ ವರ್ಷ ಕೊಟ್ಟರೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ತಿಂಗಳೂ ಕೊಟ್ಟರೆ ಆ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ. ಕಾಗದದ ಅವಧಿಯೂ ನಾವು ಕೇಳಿದ ಅವಧಿಯೂ ಎಲ್ಲಾದರೂ ಕೂಡಿದರೆ ಸಾಕು, ಅದು ಎದುರಿಗೆ ಬರಬೇಕು.

ಹಾಗೆ ಬಂದದ್ದು ಅಜ್ಜ ತಮ್ಮ ಅಣ್ಣನಿಗೆ ಬರೆದ ಒಂದು ಕಾರ್ಡು. ಅಂಚೆ ಮುದ್ರೆಯಲ್ಲಿ ದಿನ ಮಾಸಿಹೋಗಿ, ಆಗಸ್ಟ್ 1936 ಎಂಬುದಷ್ಟೇ ಉಳಿದಿತ್ತು. ಮೂರನೆಯದೂ ಹೆಣ್ಣಾಯಿತು, ಮನೆ ತುಂಬಿದೆ, ಬೀದಿಗೆಲ್ಲ ಸಕ್ಕರೆ ಹಂಚಿಸಿದೆ ಎಂದು ಬರೆದಿದ್ದರು. ತಾನು ಹುಟ್ಟಿದಾಗ ಅಪ್ಪ ಮುಖ ತಿರುಗಿಸಿಕೊಂಡರಂತೆ ಎಂದೇ ಅಮ್ಮ ಕೊನೆಯವರೆಗೂ ನಂಬಿದ್ದಳು. ಕಾರ್ಡು ಅವಳ ಟ್ರಂಕಿನ ತಳದಲ್ಲೇ ಇತ್ತು. ಓದಿ ಹೇಳಲು ಅವಳೇ ಇರಲಿಲ್ಲ.

ಅರೆಬರೆ ತಾರೀಖನ್ನು ಅರೆಬರೆಯಾಗಿಯೇ ಬರೆಯುವ ಕ್ರಮವೊಂದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿತು. 2019ರಲ್ಲಿ ಅದು ಐಎಸ್‌ಓ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಭಾಗದೊಳಗೆ ಸೇರಿತು. ತಿಳಿಯದ ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರ, ಸಂದೇಹವಿದ್ದರೆ ಪ್ರಶ್ನೆಯ ಗುರುತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ಲಿಪಿ ಬೇಕಾಯಿತು, ನೋಡಿ.

"ಅಜ್ಜಿಯ ಹುಟ್ಟಿದ ತಾರೀಖು ಏನು ಹಾಕಲಿ? ಜೂನ್ ಒಂದೇ?" ಎಂದು ಹುಡುಗ ಕೇಳಿದ.

"ಬೇಡ ಕಣೋ. 1936, ಜುಲೈ-ಆಗಸ್ಟ್ ಎಂದು ಹಾಕು. ದಿನ ಖಾಲಿ ಇರಲಿ" ಎಂದೆ.