ಇಪ್ಪತ್ತೈದರ ಟೋಪಿ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೇ ಪೋಸ್ಟ್‌ಕಾರ್ಡಿದೆ. ಪ್ಯಾರಿಸ್ಸಿಗೆ ಓದಲು ಹೋಗಿದ್ದ ತಂಗಿಯ ಮಗಳು, ಸೇನ್ ನದಿಯ ದಂಡೆಯಲ್ಲಿ ಹಳೇ ಪುಸ್ತಕ ಮಾರುವವರ ಪೆಟ್ಟಿಗೆಯೊಳಗೆ ಸಿಕ್ಕಿತೆಂದು ತಂದುಕೊಟ್ಟದ್ದು. ಹುಡುಗಿಯ ಮುಖವಷ್ಟೇ ಅಚ್ಚು; ತಲೆಯ ಮೇಲಿನ ಟೋಪಿ ನಿಜವಾದ ಬಟ್ಟೆಯದು. ಬೆರಳಗಲದ ಲೇಸಿಗೆ ದಾರ ಓಡಿಸಿ, ನಿರಿಗೆ ಬರುವಂತೆ ಎಳೆದು ಕಾಗದಕ್ಕೆ ಅಂಟಿಸಿದ್ದಾರೆ. ಗದ್ದದ ಬಳಿ ಎರಡು ರಿಬ್ಬನ್ನುಗಳ ಗಂಟು. ಹಸಿರು ಇನ್ನೂ ಹಸಿರಾಗಿಯೇ ಇದೆ, ಹಳದಿ ಚಹಾದ ಬಣ್ಣಕ್ಕೆ ತಿರುಗಿದೆ. ಕೆಳಗೆ ಫ್ರೆಂಚಿನಲ್ಲಿ ಸಂತ ಕ್ಯಾಥರೀನಳಿಗೆ ಜೈ ಎಂದಿದೆ. ನೋಡಿದ ಕೂಡಲೇ ನೆನಪಾದದ್ದು ಧಾರವಾಡದಲ್ಲಿ ನಮ್ಮಜ್ಜಿ ಖಣದ ತುಂಡುಗಳಿಂದ ಹೊಲಿಯುತ್ತಿದ್ದ ಕುಂಚಿಗೆ. ಆದರೆ ಕುಂಚಿಗೆ ಕೂಸಿನ ತಲೆಗೆ. ಈ ಟೋಪಿ, 25 ತುಂಬಿಯೂ ಮದುವೆಯಾಗದ ಹೆಣ್ಣಿನ ತಲೆಗೆ.

ನನಗೆ 25 ತುಂಬಿದಾಗ ಸೋದರತ್ತೆ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಅಂದಿದ್ದರು: "ಇಪ್ಪತ್ತೈದಾತು, ಇನ್ನ ಯಾರ ಮಾಡ್ಕೋತಾರ ಇಕೀನ್ನ?" ಮಾತು ನಿಜವೇ ಆಯಿತು, ಯಾರೂ ಮಾಡಿಕೊಳ್ಳಲಿಲ್ಲ. ಟೋಪಿಯನ್ನಂತೂ ಯಾರೂ ಕೊಡಲಿಲ್ಲ.

ಅಲೆಕ್ಸಾಂಡ್ರಿಯದ ಕ್ಯಾಥರೀನ್ ಕನ್ಯೆಯಾಗಿಯೇ ಪ್ರಾಣ ಬಿಟ್ಟ ಸಂತಳೆಂದು ಕ್ರೈಸ್ತರ ನಂಬಿಕೆ. ಅವಳ ಹಬ್ಬ ನವೆಂಬರ್ 25ಕ್ಕೆ. ಮದುವೆಯಾಗದ ಹುಡುಗಿಯರಿಗೂ, ಸೂಜಿ ಹಿಡಿದವರಿಗೂ ಅವಳೇ ಕಾಯುವವಳು. ಹಿಂದೆ ಫ್ರಾನ್ಸಿನ ಚರ್ಚುಗಳಲ್ಲಿ ಅವಳ ವಿಗ್ರಹದ ತಲೆಯುಡುಗೆಯನ್ನು ವರ್ಷಕ್ಕೊಮ್ಮೆ ಬದಲಿಸಿ ಸಿಂಗರಿಸುವುದು ಊರಿನ ಕನ್ಯೆಯರ ಕೆಲಸವಾಗಿತ್ತು. ಮದುವೆಯಾದವರು ಆ ಗುಂಪು ಬಿಡುತ್ತಿದ್ದರು, ಆಗದವರು ಉಳಿಯುತ್ತಿದ್ದರು. ಹೀಗಾಗಿ 'ಸಂತ ಕ್ಯಾಥರೀನಳ ತಲೆ ಸಿಂಗರಿಸುವುದು' ಎಂದರೆ ಫ್ರೆಂಚಿನಲ್ಲಿ ಮದುವೆಯಾಗದೆ 25 ದಾಟುವುದು ಎಂದಾಯಿತು. ನಮ್ಮಲ್ಲಿ ಟೋಪಿ ಹಾಕಿದರೆ ಮೋಸ, ಅವರಲ್ಲಿ ತಲೆ ಸಿಂಗರಿಸಿದರೆ ಮೂದಲಿಕೆ. ಎರಡು ಭಾಷೆಗಳಲ್ಲೂ ತಲೆಗೇ ಕಷ್ಟ.

ಈ ಮೂದಲಿಕೆಯನ್ನು ಹಬ್ಬ ಮಾಡಿಕೊಂಡವರು ಪ್ಯಾರಿಸ್ಸಿನ ಹೊಲಿಗೆ ಹುಡುಗಿಯರು.

ತಲೆಯ ಮೇಲೆ ತಮಾಷೆ ಹೊರುವುದು ಆ ಊರಿಗೆ ಹೊಸದೇನಲ್ಲ. ರಾಣಿ ಮಾರಿ ಆಂಟೊನೆಟ್‌ಗೆ ಉಡುಪು, ಟೋಪಿ ಒದಗಿಸುತ್ತಿದ್ದ ರೋಸ್ ಬೆರ್ತ್ಯಾಳ ಅಂಗಡಿಯ ಹೆಸರು 'ಗ್ರಾಂ ಮೊಗೋಲ್', ಅಂದರೆ ನಮ್ಮ ಮೊಗಲ್ ಬಾದಶಹ! 1774ರಲ್ಲಿ ದೊರೆ ಹದಿನಾರನೆಯ ಲೂಯಿ ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡು ಬದುಕಿದ್ದಕ್ಕೆ ಹೆಂಗಸರು ತಲೆಯ ಮೇಲೆ ಹಾವು, ಗದೆ, ಆಲಿವ್ ಗಿಡ, ಮೂಡುವ ಸೂರ್ಯ ಎಲ್ಲವನ್ನೂ ಹೊತ್ತರು. 1778ರಲ್ಲಿ 'ಬೆಲ್ ಪೂಲ್' ಎಂಬ ಯುದ್ಧನೌಕೆ ಇಂಗ್ಲಿಷರೊಡನೆ ಕಾದಾಡಿದ ಮೇಲಂತೂ ಹಾಯಿ ಬಿಚ್ಚಿದ ಇಡೀ ಹಡಗೇ ಮುಡಿ ಏರಿತು. ಆ ಹಡಗಿನ ಅಚ್ಚುಚಿತ್ರ ಇಂದಿಗೂ ಫ್ಯಾಶನ್ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ಚಿತ್ರದಲ್ಲಿರುವಷ್ಟು ದೊಡ್ಡ ಹಡಗನ್ನು ಹೊತ್ತು ಯಾರಾದರೂ ಗಾಡಿ ಹತ್ತಿದ್ದಾರು ಎಂದು ನಾನು ನಂಬುವುದಿಲ್ಲ. ಟೋಪಿ ಬರೆಯುವವರ ಪೆನ್ಸಿಲ್ಲು ಹೊಲಿಯುವವರ ಸೂಜಿಗಿಂತ ಯಾವಾಗಲೂ ಒಂದು ಗೇಣು ಮುಂದೆ.

ಆ ಸೂಜಿ ಹಿಡಿದವರನ್ನು ಪ್ಯಾರಿಸ್ಸಿನಲ್ಲಿ 'ಪುಟ್ಟ ಕೈ' ಎನ್ನುತ್ತಾರೆ. ಟೋಪಿ ಮನೆಗಳಲ್ಲಿ ಕೆಲಸ ಹಂಚಿಹೋಗಿತ್ತು. ಒಬ್ಬಳು ಎಸ್ಪಾರ್ಟೊ ಹುಲ್ಲಿನ ಗಟ್ಟಿ ಬಟ್ಟೆಯನ್ನು ನೆನೆಸಿ, ಮರದ ಅಚ್ಚಿನ ಮೇಲೆ ಎಳೆದು ಆಕಾರ ಕೂರಿಸುವಳು. ಇನ್ನೊಬ್ಬಳು ಅದಕ್ಕೆ ಗರಿ, ಹೂವು, ರಿಬ್ಬನ್ನು ಇಡುವಳು. ಸೀಸನ್ ಬಂದರೆ ರಾತ್ರಿಯವರೆಗೆ ಹೊಲಿಗೆ, ಮುಗಿದರೆ ಮನೆಗೆ ಕಳಿಸುವುದು. ಮಧ್ಯಾಹ್ನ ಬೆಂಚಿನ ಮೇಲೆ ಎರಡು ತುತ್ತು ತಿಂದು ಓಡುತ್ತಿದ್ದುದರಿಂದ ಜನ ಇವರಿಗೆ 'ಮಿಡಿನೆಟ್' ಎಂದು ಹೆಸರಿಟ್ಟರು, ಮಧ್ಯಾಹ್ನದ ಚೂರು ಊಟದವರು ಎಂದು. ಮುಂದೆ ಫ್ಯಾಶನ್ ಲೋಕದ ದೊಡ್ಡ ಹೆಸರಾದ ಕೊಕೊ ಶನೆಲ್ 1910ರಲ್ಲಿ ರ್ಯೂ ಕಾಂಬೋನ್ ಬೀದಿಯಲ್ಲಿ ಮೊದಲು ಇಟ್ಟದ್ದು ಟೋಪಿ ಅಂಗಡಿಯನ್ನೇ. ಝಾನ್ ಲಾನ್ವಾ ಕೂಡ ಟೋಪಿಯಿಂದಲೇ ಮೇಲೆ ಬಂದವಳು. ಉಳಿದ ಸಾವಿರಾರು ಪುಟ್ಟ ಕೈಗಳ ಹೆಸರು ಯಾವ ಬೋರ್ಡಿನ ಮೇಲೂ ಏರಲಿಲ್ಲ.

1917ರ ಮೇ ತಿಂಗಳಲ್ಲಿ, ಮಹಾಯುದ್ಧ ನಡೆದಿರುವಾಗಲೇ, ಇವರೇ ಬೀದಿಗಿಳಿದರು. ಶನಿವಾರ ಮಧ್ಯಾಹ್ನದ ರಜೆ ಬೇಕು, ಅದಕ್ಕಾಗಿ ಕೂಲಿ ಕತ್ತರಿಸಕೂಡದು ಎಂಬುದು ಬೇಡಿಕೆ. ಒಂದು ಹೊಲಿಗೆ ಮನೆಯಲ್ಲಿ ಶುರುವಾದದ್ದು ಮನೆಯಿಂದ ಮನೆಗೆ ಹಬ್ಬಿ, ಜೂನ್‌ನಲ್ಲಿ ಕಾಯಿದೆಯೇ ಬಂತು. ಪೋಸ್ಟ್‌ಕಾರ್ಡುಗಳಲ್ಲಿ ಇವರು ಬರೀ ನಗುವ ಗೊಂಬೆಗಳು. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಇನ್ನು ನವೆಂಬರ್ 25ರ ದಿನ. ಆ ವರ್ಷ 25 ತುಂಬಿದ ಮದುವೆಯಾಗದ ಹುಡುಗಿ 'ಕ್ಯಾಥರಿನೆಟ್'. ಅವಳ ಟೋಪಿಯನ್ನು ಹೊಲಿಯುವವರು ಜೊತೆಯವರು, ಪಕ್ಕದ ಮೇಜಿನವರು, ಅವಳ ಕಣ್ಣು ತಪ್ಪಿಸಿ. ಬಣ್ಣ ಹಸಿರು ಮತ್ತು ಹಳದಿ. ಹಸಿರು ಭರವಸೆಗೆ, ಹಳದಿ ನಂಬಿಕೆಗೆ ಎನ್ನುತ್ತಾರೆ. ಗಂಡ ಸಿಗುವ ಭರವಸೆ ಎಂದು ಅರ್ಥ ಹೇಳುವವರೂ ಇದ್ದಾರೆ, ಹೇಳಿಕೊಳ್ಳಲಿ. ಹುಡುಗಿಯ ಖಯಾಲಿ ಏನೋ ಅದೇ ಟೋಪಿಗೆ ವಸ್ತು. ವರ್ಷವಿಡೀ ಕೊಂಡವರ ಅಂದಕ್ಕೆ ತಕ್ಕಂತೆ ಹೊಲಿದ ಕೈಗಳು ಈ ಒಂದು ದಿನ ತಮ್ಮ ನಗೆಗೆ ತಕ್ಕಂತೆ ಹೊಲಿಯುತ್ತವೆ. ರ್ಯೂ ದ ಕ್ಲೆರಿ ಬೀದಿಯ ಮೂಲೆಗೋಡೆಯಲ್ಲಿರುವ ಸಂತಳ ವಿಗ್ರಹಕ್ಕೆ ಹೂ ಒಪ್ಪಿಸಿ, ಟೋಪಿ ಹೊತ್ತು ಬೀದಿ ಸುತ್ತಿ, ಸಂಜೆ ಕುಣಿತ. ಆ ದಿನ ಸೂಜಿ ಮುಟ್ಟುವ ಹಾಗಿಲ್ಲ. ಫ್ಯಾಶನ್ ಮನೆಯ ಒಡೆಯ ಕ್ರಿಸ್ತಿಯಾನ್ ಡಿಯೋರ್ 1956ರ ತನ್ನ ಆತ್ಮಕಥೆಯಲ್ಲಿ ಈ ಹಬ್ಬವನ್ನು ಅಕ್ಕರೆಯಿಂದ ನೆನೆದಿದ್ದಾನೆ. ಮಾಲೀಕನ ಅಕ್ಕರೆಯಲ್ಲಿ ಲೆಕ್ಕಾಚಾರವೂ ಇದ್ದೀತು, ಆದರೂ ಸುಳ್ಳೆಂದು ನನಗೆ ಅನ್ನಿಸಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ಸನ್ನು ಹಿಡಿದಿದ್ದ ವರ್ಷಗಳಲ್ಲಿ ಉಣ್ಣೆ, ಚರ್ಮ ಎಲ್ಲಕ್ಕೂ ಬರ ಬಂದಾಗ, ಆ ಊರಿನ ಹೆಂಗಸರು ಸುದ್ದಿಪತ್ರಿಕೆಯಲ್ಲೂ ಮರದ ಹೆರೆತದಲ್ಲೂ ಟೋಪಿ ಕಟ್ಟಿಕೊಂಡರು. ಉಡುಪು ಸೊರಗಿದಷ್ಟೂ ಟೋಪಿ ದೊಡ್ಡದಾಯಿತು. ಈಗ ಫ್ರಾನ್ಸಿನಲ್ಲಿ ಹೆಣ್ಣಿನ ಮದುವೆಯ ಸರಾಸರಿ ವಯಸ್ಸೇ 30 ದಾಟಿದೆ. 25ಕ್ಕೆ ಮೂದಲಿಸಿದರೆ ಮೂದಲಿಸಿದವರೇ ನಗೆಪಾಟಲು. ಹಬ್ಬ ಹೆಚ್ಚಾಗಿ ದೊಡ್ಡ ಫ್ಯಾಶನ್ ಮನೆಗಳಲ್ಲಿ ಉಳಿದಿದೆ.

ಬೆಂಗಳೂರಿನಲ್ಲಿ ನಾನು ಉಡುಪು ವಿನ್ಯಾಸ ಕಲಿಸುತ್ತೇನೆ. ಒಂದು ನವೆಂಬರಿನಲ್ಲಿ ಕಾರ್ಡನ್ನು ಕ್ಲಾಸಿಗೆ ಒಯ್ದು, ಪಕ್ಕದವಳಿಗೊಂದು ಟೋಪಿ ಬರೆಯಿರಿ, ಬರೆದದ್ದನ್ನು ಮಾಡಿಕೊಂಡು ಬನ್ನಿ ಎಂದೆ. ದಿನಾ ತಡವಾಗಿ ಬರುವವಳ ತಲೆಗೆ ರಟ್ಟಿನ ಬಿಎಂಟಿಸಿ ಬಸ್ಸು ಬಂತು. ಊಟದ ಡಬ್ಬಿ ಮರೆಯುವವಳಿಗೆ ಹಸಿರು ಫೆಲ್ಟಿನ ಪಡವಲಕಾಯಿ, ಅದರ ತುದಿಗೆ ಹಳದಿ ಹೂ. ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನವಳು ಚೀಲದಿಂದ ಇನ್ನೊಂದು ತೆಗೆದಳು. "ಮೇಡಂ, ಇದು ನಿಮಗೆ. ನಿಮ್ಮ ಪಕ್ಕ ಯಾರೂ ಕೂರಲ್ಲವಲ್ಲ, ಅದಕ್ಕೆ ನಾವೆಲ್ಲ ಸೇರಿ ಮಾಡಿದೀವಿ." ಕ್ಯಾನ್ವಾಸಿನ ತಳ, ಸುತ್ತ ಅಳತೆ ಟೇಪಿನ ನಿರಿಗೆ, ನೆತ್ತಿಯಲ್ಲಿ ಚಾಕ್‌ಪೀಸಿನ ಗೋಪುರ. ಒಳಗೆ ತಿರುವಿ ನೋಡಿದೆ. ಹೊಲಿಗೆ ಓರೆಕೋರೆ, ಒಂದು ಕಡೆ ಗಂಟೇ ಹಾಕಿಲ್ಲ. ಬಿಚ್ಚಿ ಮತ್ತೆ ಹೊಲಿಯಿರಿ ಎನ್ನಲು ಬಾಯಿ ತೆರೆದವಳು ಹಾಗೇ ತಲೆಗಿಟ್ಟುಕೊಂಡೆ. ಸ್ಟಾಫ್ ರೂಮು ಮುಟ್ಟುವಷ್ಟರಲ್ಲಿ ಟೇಪು ಬಿಚ್ಚಿಕೊಂಡು ಭುಜದವರೆಗೆ ಇಳಿದಿತ್ತು.